ಕಾಳಿ ಕಣಿವೆಯ ವಿದ್ಯುದಾಗಾರಗಳು ಮತ್ತು ಗ್ರಿಡ್ ಸ್ಥಿರತೆಯ ತತ್‌ಕ್ಷಣದ ಅಳತೆ

ಕದ್ವಾಡದಿಂದ ಕಾಳಿ ನದಿಯ ಗುಂಟ ಮೇಲಕ್ಕೆ ಹೋದರೆ ಕದ್ರಾ, ಕೈಗಾ, ಕೊಡಸಳ್ಳಿ, ನಾಗಝರಿ, ಸೂಪಾ ಒಂದರ ಹಿಂದೊಂದು ಸಿಗುತ್ತವೆ. ನಾಡಿನ ವಿದ್ಯುತ್ತಿನ ಚರಿತ್ರೆ 1902ರ ಶಿವನಸಮುದ್ರದಿಂದ ಆರಂಭವಾಗುವುದು ಸರಿಯೇ. ಆದರೆ ಅದು ಮೂಲತಃ ಒಂದು ಕೇಂದ್ರದಿಂದ ಕೋಲಾರದ ಗಣಿಗೆ ಹೋದ ಮಾರ್ಗ. ಹತ್ತಾರು ಕೇಂದ್ರಗಳು ಒಂದೇ ಲಯದಲ್ಲಿ ತಿರುಗಬೇಕಾದಾಗ ಏಳುವ ಸ್ಥಿರತೆಯ ಪ್ರಶ್ನೆಯನ್ನು ಅರಿಯಲು ಕಾಳಿ ಕಣಿವೆಯೇ ತಕ್ಕ ಜಾಗ. ಸದಾ ಒಂದೇ ಮಟ್ಟದಲ್ಲಿ ಓಡಬಯಸುವ ಅಣುಸ್ಥಾವರವೂ ಕರೆದೊಡನೆ ಏರಿಳಿಯಬಲ್ಲ ಜಲವಿದ್ಯುತ್ ಕೇಂದ್ರಗಳೂ ಇಲ್ಲಿ ನೆರೆಹೊರೆಯಲ್ಲಿವೆ.

ಕೈಗಾ ಅಣುಸ್ಥಾವರದ 220 ಮೆಗಾವ್ಯಾಟಿನ ಒಂದು ಘಟಕ ಟ್ರಿಪ್ ಆಗಿ ಜಾಲದಿಂದ ಕಳಚಿತೆನ್ನಿ. ಬೇಡಿಕೆ ಮಾತ್ರ ಹಾಗೇ ಇರುತ್ತದೆ. ಮೊದಲ ಕ್ಷಣದ ಕೊರತೆಯನ್ನು ತುಂಬುವುದು ಜಾಲದ ಉಳಿದ ಜನರೇಟರುಗಳಲ್ಲಿ ತಿರುಗುತ್ತಿರುವ ಉಕ್ಕಿನ ಚಲನಶಕ್ತಿ. ಅದು ಖರ್ಚಾದಂತೆ ಅವುಗಳ ವೇಗ ತಗ್ಗಿ, ಆವರ್ತನ 50 ಹರ್ಟ್ಜ್‌ನಿಂದ ಕೆಳಗಿಳಿಯುತ್ತದೆ. ಟರ್ಬೈನಿನ ವೇಗ ಕಾಯುವ ಗವರ್ನರುಗಳು ಇದನ್ನು ಗ್ರಹಿಸುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಜಲವಿದ್ಯುತ್ ಕೇಂದ್ರದ ಗೈಡ್ ವೇನುಗಳು ಇನ್ನಷ್ಟು ತೆರೆದು ಟರ್ಬೈನಿಗೆ ಹೆಚ್ಚು ನೀರು ನುಗ್ಗುತ್ತದೆ. ನಿಯಂತ್ರಣ ಕೊಠಡಿಯ ಸಿಬ್ಬಂದಿ ಫೋನ್ ಎತ್ತುವ ಮೊದಲೇ ಇಷ್ಟೂ ನಡೆದುಹೋಗಿರುತ್ತದೆ.

ಈ ಸೆಕೆಂಡುಗಳನ್ನು ಕಾಣುವ ಪ್ರಯತ್ನಕ್ಕೆ ಬಲ ಬಂದದ್ದು 1965ರ ನವೆಂಬರಿನಲ್ಲಿ ಅಮೆರಿಕದ ಈಶಾನ್ಯ ಭಾಗ ಕತ್ತಲಾದ ಮೇಲೆ. 1970ರಲ್ಲಿ ಫ್ರೆಡ್ ಶ್ವೆಪ್ಪೆ, ತಪ್ಪು ಬೆರೆತ ಅಳತೆಗಳಿಂದಲೇ ಜಾಲದ ನಿಜಸ್ಥಿತಿಯನ್ನು ಅಂದಾಜಿಸುವ ಗಣಿತ ಕೊಟ್ಟರು. ಐಐಟಿ ಕಾನ್ಪುರದಲ್ಲಿ ದುಡಿದ ಎಂ.ಎ. ಪೈ 1981ರ ಗ್ರಂಥದಲ್ಲಿ ಲ್ಯಾಪುನೊವ್‌ನ ನೇರ ವಿಧಾನವನ್ನು ವಿಸ್ತರಿಸಿದರು: ಆಘಾತ ಕಳೆದ ಮೇಲಿನ ಪ್ರತಿ ಕ್ಷಣವನ್ನೂ ಲೆಕ್ಕ ಹಾಕುತ್ತ ಕೂರುವ ಬದಲು, ಜಾಲದಲ್ಲಿ ಸೇರಿಕೊಂಡ ಶಕ್ತಿ ಅದರ ಮಿತಿಯೊಳಗಿದೆಯೇ ಎಂದಷ್ಟೇ ನೋಡುವುದು. ತತ್‌ಕ್ಷಣದ ತೀರ್ಮಾನಕ್ಕೆ ಇದಕ್ಕಿಂತ ಸಹಜವಾದ ದಾರಿ ಇಲ್ಲವೆಂದೇ ನನ್ನ ನಂಬಿಕೆ. 1988ರಲ್ಲಿ ಅರುಣ್ ಫಡ್ಕೆ ಮತ್ತು ಜೇಮ್ಸ್ ಥಾರ್ಪ್ ವರ್ಜೀನಿಯಾ ಟೆಕ್‌ನಲ್ಲಿ ಫೇಸರ್ ಮಾಪಕ ರೂಪಿಸಿದರು. ದೂರದ ಕೇಂದ್ರಗಳ ಅಂಕಿ ಸಂಗ್ರಹಿಸುವ ಸ್ಕಾಡಾ ವ್ಯವಸ್ಥೆ ಕೆಲವು ಸೆಕೆಂಡಿಗೊಮ್ಮೆ ಕೊಡುವ ಅಂಕಿಗಳಿಗೆ ಒಂದೇ ಗಳಿಗೆಯ ಮುದ್ರೆ ಇರುವುದಿಲ್ಲ. ಫೇಸರ್ ಮಾಪಕವಾದರೋ ಉಪಗ್ರಹದ ಗಡಿಯಾರಕ್ಕೆ ಹೊಂದಿಕೊಂಡು ವೋಲ್ಟೇಜಿನ ಪ್ರಮಾಣ ಮತ್ತು ಕೋನವನ್ನು ಸೆಕೆಂಡಿಗೆ ಹತ್ತಾರು ಬಾರಿ ಅಳೆಯುತ್ತದೆ.

ದಕ್ಷಿಣದ ಜಾಲದಲ್ಲಿ ಆವರ್ತನ ಒಂದು ಕಾಲಕ್ಕೆ 49 ಹರ್ಟ್ಜ್‌ಗಿಂತ ಕೆಳಗೇ ತಾಸುಗಟ್ಟಲೆ ಉಳಿಯುತ್ತಿತ್ತು. 2003ರ ಜನವರಿಯಲ್ಲಿ ದರವನ್ನೇ ಆವರ್ತನಕ್ಕೆ ಜೋಡಿಸಿದ ಮೇಲೆ ಆ ಸ್ಥಿತಿ ಸುಧಾರಿಸಿತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ದಕ್ಷಿಣ ಉಳಿಯಿತು. ನಮ್ಮ ಜಾಲ ಆಗ ಉಳಿದ ದೇಶದೊಂದಿಗೆ ಮುಖ್ಯವಾಗಿ ನೇರ ವಿದ್ಯುತ್ ಕೊಂಡಿಗಳಿಂದ ಕೂಡಿದ್ದು, ಲಯ ಬೇರೆಯಾಗಿದ್ದುದೇ ಅದಕ್ಕೆ ಬಹುಮಟ್ಟಿನ ಕಾರಣ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಆ ಪ್ರತ್ಯೇಕತೆಯನ್ನು ಕೊನೆಗೊಳಿಸಿತು. ಅಂದಿನಿಂದ ಕೈಗಾದ ಜನರೇಟರು ದೇಶದ ಲಯದಲ್ಲೇ ತಿರುಗುತ್ತಿದೆ.

ಕೈಗಾದ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಬರೆಯಿತು. ಆ ಹೆಗ್ಗಳಿಕೆ ಸ್ಥಾವರದ ಸಿಬ್ಬಂದಿಯದು. ಆದರೆ ಹೊರಗಿನ ಜಾಲ ಕುಸಿದಿದ್ದರೆ ಆ ಓಟ ನಿಲ್ಲುವ ಸಂಭವವಿತ್ತು. ಈಗ ಪಾವಗಡದ ಸೌರ ವಿದ್ಯುತ್ತು ಇನ್ವರ್ಟರ್ ಮೂಲಕ ಜಾಲಕ್ಕೆ ಬರುತ್ತದೆ. ಅದರ ಹಿಂದೆ ತಿರುಗುವ ಉಕ್ಕಿಲ್ಲ. ಆದ್ದರಿಂದ ಆವರ್ತನದ ಜೊತೆಗೆ, ಜಾಲದಲ್ಲಿ ಆ ಹೊತ್ತಿಗೆ ಉಳಿದಿರುವ ಜಡತ್ವವನ್ನೂ ಬಿಸಿಲೇರಿದ ಮಧ್ಯಾಹ್ನಗಳಲ್ಲಿ ಗಳಿಗೆಗಳಿಗೆಗೂ ಅಳೆಯಬೇಕಾಗಿದೆ.