ಸೀಸದ ಗುಂಡು ಮತ್ತು ಅಳತೆಯ ಹೆಚ್ಚುಕಡಿಮೆ

ಕೋವಿಯ ಇತಿಹಾಸ ಬರೆಯುವವರ ಗಮನವೆಲ್ಲ ಬತ್ತಿಯಿಂದ ಚಕಮಕಿಗೆ, ಚಕಮಕಿಯಿಂದ ಕೇಪಿಗೆ ನಡೆದ ಸುಧಾರಣೆಯ ಮೇಲೆಯೇ ನಿಲ್ಲುವುದರಿಂದ, ನಳಿಗೆಯೊಳಗೆ ಇಳಿಯುವ ಸೀಸದ ಗುಂಡು ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ ಎಂಬ ತೊಡಕಿಗೆ ಸಿಗಬೇಕಾದ ಮಹತ್ವ ಸಿಗುವುದು ಕಡಿಮೆ. ಹದಿನೆಂಟನೆಯ ಶತಮಾನದ ಬ್ರಿಟನ್ ಮತ್ತು ಉತ್ತರ ಅಮೆರಿಕಗಳಲ್ಲಿ ಗುಂಡು ಎರೆಯುವುದು ಸೈನ್ಯದ ಉಗ್ರಾಣಗಳ ಕೆಲಸವಾಗಿದ್ದಂತೆಯೇ ಮನೆಯ ಒಲೆಯ ಮುಂದಿನ ಕೆಲಸವೂ ಆಗಿತ್ತು. ಎರಡೂ ಕಡೆ ಗುಂಡುಗಳ ಗಾತ್ರದಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತಿತ್ತು. ಅದನ್ನು ಪೂರ್ತಿಯಾಗಿ ತೊಡೆದುಹಾಕಲು ಎರಕದವರ ಕೈಚಳಕಕ್ಕೆ ಎಂದೂ ಸಾಧ್ಯವಾಗಲಿಲ್ಲ. ಸಾಧ್ಯವಾದದ್ದು ಆ ದೋಷವನ್ನು ಸಹಿಸಿಕೊಳ್ಳುವಂತೆ ಕೋವಿಯನ್ನೋ, ತೋಟೆಯನ್ನೋ, ಕೆಲಸದ ಕ್ರಮವನ್ನೋ ಹೊಂದಿಸಿಕೊಳ್ಳುವುದು ಮಾತ್ರ.

ದೋಷದ ಮೂಲ ಲೋಹದ ಗುಣದಲ್ಲಿಯೂ ಅಚ್ಚಿನ ರಚನೆಯಲ್ಲಿಯೂ ಇದೆ. ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಅದಕ್ಕೆ ಕುಲುಮೆ ಬೇಕಿಲ್ಲ, ಸೌದೆಯ ಉರಿ ಸಾಕು. ಮನೆಯಲ್ಲಿ ಗುಂಡು ಮಾಡುವ ರೂಢಿ ಬೆಳೆಯಲು ಇದೇ ಕಾರಣ. ಕಬ್ಬಿಣ, ಹಿತ್ತಾಳೆ ಅಥವಾ ಬಳಪದ ಕಲ್ಲಿನಲ್ಲಿ ಕೊರೆದ ಎರಡು ಹೋಳುಗಳ ಅಚ್ಚನ್ನು ಇಕ್ಕಳದಂತೆ ಮುಚ್ಚಿ, ಮೇಲಿನ ಕಂಡಿಯಿಂದ ಕರಗಿದ ಸೀಸವನ್ನು ಹೊಯ್ದು, ಅದು ಗಟ್ಟಿಯಾದ ಮೇಲೆ ಕಂಡಿಯಲ್ಲಿ ಉಳಿದ ಬಾಲವನ್ನು ಕತ್ತರಿಸಲಾಗುತ್ತಿತ್ತು. ಅಚ್ಚು ತಣ್ಣಗಿದ್ದರೆ ಲೋಹ ಮೂಲೆಮೂಲೆಗೆ ಹರಿಯುವ ಮೊದಲೇ ಹೆಪ್ಪುಗಟ್ಟಿ ಗುಂಡಿನ ಮೈ ಸುಕ್ಕಾಗುತ್ತಿತ್ತು. ಆದ್ದರಿಂದ ಅಚ್ಚು ಹದವಾಗಿ ಕಾಯುವವರೆಗೆ ಎರೆದ ಮೊದಲ ಕೆಲವು ಗುಂಡುಗಳನ್ನು ಮರಳಿ ಪಾತ್ರೆಗೇ ಹಾಕುವುದು ಬಲ್ಲವರ ಕ್ರಮವಾಗಿತ್ತು. ಹೋಳುಗಳ ನಡುವೆ ಸೀಸದ ಒಂದು ಸಣ್ಣ ಚೂರು ಸಿಕ್ಕಿಕೊಂಡರೂ ಅಚ್ಚು ಪೂರ್ತಿ ಮುಚ್ಚದೆ ಗುಂಡು ಒಂದು ಕಡೆಗೆ ಉಬ್ಬಿ, ಅದರ ಸುತ್ತ ಏಣು ಏಳುತ್ತಿತ್ತು. ಗಟ್ಟಿಯಾಗುವಾಗ ಸೀಸ ತನ್ನ ಗಾತ್ರದ ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು ಪಾಲು ಕುಗ್ಗುತ್ತದೆ. ಆ ಕೊರತೆಯನ್ನು ತುಂಬುವಷ್ಟು ಲೋಹ ಕಂಡಿಯಲ್ಲಿ ನಿಲ್ಲದಿದ್ದರೆ ಹೊರಗೆ ದುಂಡಗೆ ಕಾಣುವ ಗುಂಡಿನ ಒಡಲಲ್ಲಿ ಪೊಳ್ಳು ಉಳಿಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದುದು ಲೋಹದ ಬೆರಕೆ. ಮನೆಯವರಿಗೆ ಸಿಗುತ್ತಿದ್ದುದು ಮಾಡಿನ ತಗಡು, ಹಳೆಯ ಕೊಳಾಯಿ, ತವರ ಬೆರೆತ ತಟ್ಟೆಲೋಟಗಳು. ತವರವಿದ್ದರೆ ಲೋಹ ಅಚ್ಚನ್ನು ಚೆನ್ನಾಗಿ ತುಂಬುತ್ತದೆ, ಆಂಟಿಮನಿ ಇದ್ದರೆ ಗುಂಡು ಗಡುಸಾಗುವುದಲ್ಲದೆ ಕುಗ್ಗುವುದೂ ಕಡಿಮೆ; ಹೀಗಾಗಿ ಒಂದೇ ಅಚ್ಚಿನಿಂದ ಬಂದರೂ ಶುದ್ಧ ಸೀಸದ ಗುಂಡು ತುಸು ಕಿರಿದಾಗಿಯೂ ಬೆರಕೆಯ ಗುಂಡು ತುಸು ಹಿರಿದಾಗಿಯೂ ಬೀಳುತ್ತದೆ. ಕರಗಿದ ಲೋಹಕ್ಕೆ ಮೇಣವನ್ನೋ ಕೊಬ್ಬನ್ನೋ ಹಾಕಿ ಕಲಕುವ ಪದ್ಧತಿಯಿಂದ ಕಿಟ್ಟ ಬೇರ್ಪಡುತ್ತಿತ್ತು, ಮೇಲೆ ತೇಲಿದ್ದ ತವರದ ಒಂದಷ್ಟು ಪಾಲು ಮತ್ತೆ ಲೋಹಕ್ಕೆ ಸೇರುತ್ತಿತ್ತು. ಆದರೆ ಬೆರಕೆಯ ಪ್ರಮಾಣವನ್ನೇ ಸರಿಪಡಿಸುವುದು ಅದರಿಂದ ಆಗುವಂಥದಲ್ಲ.

ಸೈನ್ಯಗಳು ಈ ದೋಷವನ್ನು ನಳಿಗೆಯೊಳಗಿನ ಸಡಿಲಿನಲ್ಲಿ ಅಡಗಿಸಿದವು. ಬ್ರಿಟಿಷ್ ಕಾಲಾಳಿನ ಮಸ್ಕೆಟ್ಟಿನ, ಅಂದರೆ ಒಳಗೆ ನುಣುಪಾದ ನಳಿಗೆಯುಳ್ಳ ಕೋವಿಯ ಒಳವ್ಯಾಸ ಸುಮಾರು 19 ಮಿಲಿಮೀಟರ್ ಇದ್ದರೆ ಅದರ ಗುಂಡಿನ ವ್ಯಾಸ ಸುಮಾರು 17.5 ಮಿಲಿಮೀಟರ್ ಮಾತ್ರ. ನಾಲ್ಕಾರು ಈಡು ಹೊಡೆದ ಮೇಲೆ ಮದ್ದಿನ ಮಸಿ ಕಟ್ಟಿದ ನಳಿಗೆಯಲ್ಲಿಯೂ, ತುಸು ದಪ್ಪಗೆ ಬಿದ್ದ ಗುಂಡು ಸಿಕ್ಕಿಕೊಳ್ಳದೆ ಇಳಿಯಲಿ ಎಂಬುದು ಈ ಅಂತರದ ಉದ್ದೇಶ. ಇದಕ್ಕೆ ತೆತ್ತ ಬೆಲೆ ಗುರಿ. ನಳಿಗೆಯ ಗೋಡೆಗಳಿಗೆ ಬಡಿಯುತ್ತ ಹೊರಬರುವ ಗುಂಡು ಯಾವ ಕಡೆಗೆ ವಾಲುತ್ತದೆಂದು ಹೇಳಲಾಗುತ್ತಿರಲಿಲ್ಲವಾದ್ದರಿಂದ, ಒಬ್ಬನಿಗೆ ಗುರಿಯಿಡುವ ಬದಲು ಸಾಲುಗಟ್ಟಿ ನಿಂತು ಸಾಲಿಗೇ ಹೊಡೆಯುವ ಯುದ್ಧಕ್ರಮವೇ ಚಾಲ್ತಿಯಲ್ಲಿತ್ತು. ಆ ಕ್ರಮಕ್ಕೆ ಎರಕದ ಒರಟುತನವೂ ಒಂದು ಕಾರಣವೆಂದರೆ ಅತಿಶಯೋಕ್ತಿಯಾಗದು. ಅಳತೆಯನ್ನು ಹೇಳುವ ಕ್ರಮವೂ ತೂಕವನ್ನೇ ಅವಲಂಬಿಸಿತ್ತು: ಒಂದು ಪೌಂಡ್ ಸೀಸದಿಂದ ಸಮನಾದ ಎಷ್ಟು ಗುಂಡುಗಳಾಗುತ್ತವೆ ಎಂಬ ಲೆಕ್ಕದಿಂದ ನಳಿಗೆಯನ್ನು ಗುರುತಿಸಲಾಗುತ್ತಿತ್ತು, ಮಲೆನಾಡು ಮತ್ತು ಕೊಡಗಿನವರಿಗೆ ಪರಿಚಿತವಾದ ಹನ್ನೆರಡು ಬೋರಿನ ಕೋವಿಯಲ್ಲಿ ಆ ಲೆಕ್ಕ ಇಂದಿಗೂ ಉಳಿದಿದೆ.

ಮನೆಯ ಎರಕ ಯಾವ ಪ್ರಮಾಣಕ್ಕೆ ಏರಬಲ್ಲದು ಎಂಬುದಕ್ಕೆ ಅಮೆರಿಕದ ಸ್ವಾತಂತ್ರ್ಯಯುದ್ಧದ ಒಂದು ಪ್ರಸಂಗ ಸಾಕ್ಷಿ. 1776ರ ಜುಲೈ 9ರಂದು ನ್ಯೂಯಾರ್ಕಿನಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಓದಿದ ಬಳಿಕ ಜನರ ಗುಂಪೊಂದು ಬೌಲಿಂಗ್ ಗ್ರೀನ್‌ನಲ್ಲಿದ್ದ ಮೂರನೆಯ ಜಾರ್ಜ್ ದೊರೆಯ ಕುದುರೆಸವಾರಿಯ ಪ್ರತಿಮೆಯನ್ನು ಉರುಳಿಸಿತು. ಚಿನ್ನದ ಲೇಪವಿದ್ದ ಆ ಪ್ರತಿಮೆ ಸೀಸದ್ದು. ಅದರ ತುಂಡುಗಳಲ್ಲಿ ಹೆಚ್ಚಿನವನ್ನು ಕನೆಕ್ಟಿಕಟ್‌ನ ಲಿಚ್‌ಫೀಲ್ಡಿಗೆ ಸಾಗಿಸಿ, ಆಲಿವರ್ ವೋಲ್ಕಾಟ್ ಅವರ ಮನೆಯಲ್ಲಿ ಕರಗಿಸಲಾಯಿತು. ವೋಲ್ಕಾಟ್ ಅವರ ಕಾಗದಪತ್ರಗಳಲ್ಲಿ ಉಳಿದ ಪಟ್ಟಿಯಂತೆ ಅಲ್ಲಿ ಸಿದ್ಧವಾದ ತೋಟೆಗಳು 42 ಸಾವಿರಕ್ಕೂ ಹೆಚ್ಚು. ಕೆಲಸ ಮಾಡಿದವರು ಬಹುಮಟ್ಟಿಗೆ ಹೆಂಗಸರು ಮತ್ತು ಮಕ್ಕಳು. ಮಗಳು ಮೇರಿ ಆನ್ ಹೆಸರಿನ ಮುಂದೆ 10,790 ಎಂದೂ, ಹತ್ತು ವರ್ಷವೂ ತುಂಬದ ಮಗ ಫ್ರೆಡರಿಕ್ ಹೆಸರಿನ ಮುಂದೆ 936 ಎಂದೂ ಬರೆದಿದೆ. ಪಟ್ಟಿ ಎಣಿಕೆಯನ್ನು ಹೇಳುತ್ತದೆಯೇ ಹೊರತು ಗುಂಡುಗಳ ಗುಣವನ್ನಲ್ಲ.

ಆ ಯುದ್ಧದ ಗುಂಡುಗಳ ಅಳತೆಯ ಬಗ್ಗೆ ಮಾತಾಡುವುದು ಮಣ್ಣು. 1778ರ ಜೂನ್‌ನಲ್ಲಿ ಕಾಳಗ ನಡೆದ ನ್ಯೂಜೆರ್ಸಿಯ ಮಾನ್ಮತ್ ರಣಭೂಮಿಯಲ್ಲಿ ದೊರೆತ ಗುಂಡುಗಳಲ್ಲಿ ಹಲವು ಬಡಿತಕ್ಕೆ ಚಪ್ಪಟೆಯಾಗಿದ್ದುದರಿಂದ ಅವುಗಳ ವ್ಯಾಸವನ್ನು ನೇರವಾಗಿ ಅಳೆಯುವಂತಿರಲಿಲ್ಲ. ಗೋಳದ ತೂಕ ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ ಎಂಬ ಸರಳ ಸಂಬಂಧದಿಂದ ಪುರಾತತ್ತ್ವಜ್ಞ ಡೇನಿಯಲ್ ಸಿವಿಲಿಚ್ ಒಂದು ಸೂತ್ರವನ್ನು ರೂಪಿಸಿ, ತೂಕದಿಂದಲೇ ಮೂಲ ವ್ಯಾಸವನ್ನು ಕಂಡುಹಿಡಿಯುವ ದಾರಿ ತೋರಿಸಿದರು. ಬ್ರಿಟಿಷ್ ಮಸ್ಕೆಟ್ಟಿನ ದೊಡ್ಡ ಗುಂಡನ್ನೂ ಫ್ರೆಂಚ್ ಮಾದರಿಯ ಚಿಕ್ಕ ಗುಂಡನ್ನೂ ಹೀಗೆ ಬೇರ್ಪಡಿಸಬಹುದಾಯಿತು. ವ್ಯಾಸದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಾದರೂ ತೂಕದಲ್ಲಿ ಅದು ಮೂರರಷ್ಟಾಗಿ ಕಾಣುವುದೇ ಈ ವಿಧಾನದ ಬಲ.

ನಳಿಗೆಯ ಒಳಗೆ ಸುರುಳಿ ಗೀರುಗಳಿರುವ ರೈಫಲಿನಲ್ಲಿ ಸಡಿಲು ಸಲ್ಲದು. ಪೆನ್ಸಿಲ್ವೇನಿಯದ ಕೋವಿಗಾರರು ಪ್ರತಿ ರೈಫಲಿನ ಜೊತೆ ಅದಕ್ಕೆ ಹೊಂದುವ ಅಚ್ಚನ್ನೂ ಕೊಡುತ್ತಿದ್ದರು. ಉಳಿದ ಅಂತರವನ್ನು ಜಿಡ್ಡು ಹಚ್ಚಿದ ಬಟ್ಟೆಯ ತುಂಡು ತುಂಬುತ್ತಿತ್ತು. 1849ರಲ್ಲಿ ಫ್ರಾನ್ಸಿನ ಮಿನಿಯೆ ರೂಪಿಸಿದ ಟೊಳ್ಳು ತಳದ ಉದ್ದನೆಯ ಗುಂಡು ಸಡಿಲವಾಗಿಯೇ ಇಳಿದು, ಮದ್ದು ಸಿಡಿದಾಗ ತಳ ಹಿಗ್ಗಿ ಗೀರುಗಳನ್ನು ಹಿಡಿಯುತ್ತಿತ್ತು. ಅದೇ ತತ್ತ್ವದ ಎನ್‌ಫೀಲ್ಡ್ ರೈಫಲಿನ ಗುಂಡನ್ನು ಬ್ರಿಟಿಷರು ಎರಕ ಹೊಯ್ಯದೆ ಯಂತ್ರದಲ್ಲಿ ಒತ್ತಿ ತಯಾರಿಸಿದರು. ಹಾಗಿದ್ದೂ, ಮಸಿ ಕಟ್ಟಿದ ನಳಿಗೆಗೆ ಅದು ಇಳಿಯುವುದು ಕಷ್ಟವೆಂದು ಕಂಡಾಗ ಅದರ ವ್ಯಾಸವನ್ನು ಸುಮಾರು 14.4ರಿಂದ 14 ಮಿಲಿಮೀಟರಿಗೆ ತಗ್ಗಿಸಬೇಕಾಯಿತು. ನಿಖರತೆ ಬಂದ ಮೇಲೂ ಸಡಿಲು ಬೇಕೇ ಬೇಕಾಯಿತೆಂದರ್ಥ.

ಹಕ್ಕಿ ಬೇಟೆಗೆ ಬಳಸುವ ಚರೆಯ, ಅಂದರೆ ಒಂದೇ ಈಡಿಗೆ ಹಲವಾರು ಹೋಗುವ ಸಣ್ಣ ಗುಂಡುಗಳ, ಚರಿತ್ರೆ ಬೇರೆ ದಾರಿ ಹಿಡಿಯಿತು. ರಾಬರ್ಟ್ ಹುಕ್ 1665ರ ತನ್ನ 'ಮೈಕ್ರೊಗ್ರಾಫಿಯ'ದಲ್ಲಿ ರಾಜಕುಮಾರ ರೂಪರ್ಟನ ವಿಧಾನವನ್ನು ವರ್ಣಿಸಿದ್ದಾನೆ. ಸೀಸಕ್ಕೆ ಅರದಾಳ ಬೆರೆಸಿ, ತೂತುಗಳಿರುವ ಪಾತ್ರೆಯ ಮೂಲಕ ನೀರಿಗೆ ಹನಿಸುವುದು ಅದರ ಕ್ರಮ. ಅರದಾಳದಲ್ಲಿನ ಆರ್ಸೆನಿಕ್ ಹನಿ ದುಂಡಗಾಗಲು ನೆರವಾದರೂ ಬೀಳುವ ಎತ್ತರ ಸಾಲದೆ ಚರೆಗಳಲ್ಲಿ ತಗ್ಗು, ಬಾಲಗಳು ಉಳಿಯುತ್ತಿದ್ದವು. ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ ಎಂಬ ಸೀಸದ ಕೆಲಸಗಾರ 1782ರಲ್ಲಿ ಹಕ್ಕುಪತ್ರ ಪಡೆದು, ರೆಡ್‌ಕ್ಲಿಫ್ ಬೆಟ್ಟದಲ್ಲಿದ್ದ ತನ್ನ ಮನೆಯ ಮೇಲೆ ಗೋಪುರ ಎಬ್ಬಿಸಿದ, ನೆಲದಡಿಗೆ ಬಾವಿಯನ್ನೂ ತೋಡಿದ. ಮೇಲಿನಿಂದ ಬಿದ್ದ ಹನಿ ದಾರಿಯಲ್ಲಿಯೇ ಮೇಲ್ಮೈ ಎಳೆತದಿಂದ, ಎಂದರೆ ದ್ರವದ ಹೊರಪದರ ತನ್ನನ್ನು ತಾನೇ ಬಿಗಿದುಕೊಳ್ಳುವ ಗುಣದಿಂದ, ಗೋಳವಾಗಿ ಆರುತ್ತ ಬಂದು ಕೆಳಗಿನ ನೀರಿನಲ್ಲಿ ತಣಿಯುತ್ತಿತ್ತು. ಅಚ್ಚೇ ಇಲ್ಲದ ಮೇಲೆ ಅಚ್ಚಿನ ದೋಷವೂ ಇಲ್ಲ.

ಗಾತ್ರದ ಅಸಮತೆ ಮಾತ್ರ ಅಲ್ಲಿಯೂ ತಪ್ಪಲಿಲ್ಲ. ಎಲ್ಲ ಹನಿಗಳೂ ಒಂದೇ ಅಳತೆಯಲ್ಲಿ ಬೀಳುತ್ತಿರಲಿಲ್ಲವಾದ್ದರಿಂದ ಇಂಥ ಗೋಪುರಗಳಲ್ಲಿ ಚರೆಯನ್ನು ಒಣಗಿಸಿ ಇಳಿಜಾರಿನ ಹಲಗೆಯ ಮೇಲೆ ಉರುಳಿಸಲಾಗುತ್ತಿತ್ತು: ದುಂಡಗಿನವು ವೇಗವಾಗಿ ಉರುಳಿ ಹಲಗೆಯ ತುದಿಯ ಸಂದನ್ನು ಹಾರಿ ದಾಟುತ್ತಿದ್ದವು, ಸೊಟ್ಟಗಿನವು ತಡವರಿಸಿ ಸಂದಿನೊಳಗೆ ಬೀಳುತ್ತಿದ್ದವು. ದಾಟಿದವನ್ನು ಬೇರೆಬೇರೆ ಕಣ್ಣಿನ ಜರಡಿಗಳಲ್ಲಿ ಗಾತ್ರದಂತೆ ವಿಂಗಡಿಸಿ, ಬಿದ್ದವನ್ನು ಮತ್ತೆ ಗೋಪುರದ ಮೇಲಕ್ಕೆ ಕರಗಿಸಲು ಒಯ್ಯಲಾಗುತ್ತಿತ್ತು.