ಡ್ಯುಯಲ್ ಬ್ಯಾಂಡ್ ಆಕ್ಸೆಸ್ ಪಾಯಿಂಟ್ (ನಿಸ್ತಂತು ಅಂತರಜಾಲ ಗೋಪುರ)

ಡ್ಯುಯಲ್ ಬ್ಯಾಂಡ್ ಆಕ್ಸೆಸ್ ಪಾಯಿಂಟ್ ಎಂಬುದು 2.4 ಮತ್ತು 5 ಗಿಗಾಹರ್ಟ್ಸ್ ತರಂಗಪಟ್ಟಿಗಳೆರಡರಲ್ಲಿಯೂ ಕೆಲಸ ಮಾಡುವ ರೇಡಿಯೊ ಸಾಧನ. ಕೇಬಲ್ ತಲುಪದ ಹಳ್ಳಿ ಮತ್ತು ತೋಟದ ಮನೆಗಳಿಗೆ ಅಂತರಜಾಲ ಒದಗಿಸಲು ಇದನ್ನು ಗೋಪುರದ ಮೇಲೆ ಅಳವಡಿಸಲಾಗುತ್ತದೆ. ಚಂದಾದಾರರ ಮನೆಯ ಮೇಲಿನ ಸಣ್ಣ ಆಂಟೆನಾ ಇದರೊಂದಿಗೆ ಸಂಪರ್ಕ ಹೊಂದುತ್ತದೆ. ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗಗಳಲ್ಲಿ ಪಟ್ಟಣ, ತೆಂಗಿನ ತೋಟ ಮತ್ತು ಬಂಡೆಗುಡ್ಡಗಳು ಅಕ್ಕಪಕ್ಕದಲ್ಲಿವೆ. ಇಂತಹ ಪ್ರದೇಶದಲ್ಲಿ ರೇಡಿಯೊದ ಆಯ್ಕೆಯು ಸಾಧನದ ಘೋಷಿತ ವೇಗಕ್ಕಿಂತ ನೆಲದ ಸ್ವರೂಪವನ್ನು ಹೆಚ್ಚು ಅವಲಂಬಿಸಿರುತ್ತದೆ.

ತರಂಗಪಟ್ಟಿಗಳ ಗುಣ

2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಸಾಮಾನ್ಯವಾಗಿ ಮೂರೇ (1, 6 ಮತ್ತು 11). 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು ಹೆಚ್ಚು. ಆದರೆ ಅದೇ ದೂರಕ್ಕೆ 5.8 ಗಿಗಾಹರ್ಟ್ಸ್ ಸಂಕೇತದ ನಷ್ಟವು 2.4ಕ್ಕಿಂತ ಸುಮಾರು 7.7 ಡೆಸಿಬೆಲ್ ಅಧಿಕ. ಹೆಚ್ಚು ಗಳಿಕೆಯುಳ್ಳ ಆಂಟೆನಾದಿಂದ ಇದನ್ನು ಸರಿದೂಗಿಸಬಹುದು.

ಎರಡು ಆಂಟೆನಾಗಳ ನಡುವಿನ ನೇರ ರೇಖೆಯ ಸುತ್ತಲೂ ತೆರವಾಗಿರಬೇಕಾದ ಪ್ರದೇಶಕ್ಕೆ ಫ್ರೆನೆಲ್ ವಲಯ ಎಂದು ಹೆಸರು. 5 ಕಿ.ಮೀ. ಸಂಪರ್ಕದ ನಡುಭಾಗದಲ್ಲಿ ಇದರ ತ್ರಿಜ್ಯ 2.4 ಗಿಗಾಹರ್ಟ್ಸ್‌ಗೆ ಸುಮಾರು 12.5 ಮೀಟರ್, 5.8ಕ್ಕೆ ಸುಮಾರು 8 ಮೀಟರ್. ಇದರ ಕನಿಷ್ಠ ಶೇ. 60 ಭಾಗ ತೆರವಾಗಿರಬೇಕು. ಆದ್ದರಿಂದ ದೂರದ ಸಂಪರ್ಕಕ್ಕೆ 2.4ರಲ್ಲಿ ಇನ್ನಷ್ಟು ಎತ್ತರದ ಗೋಪುರ ಬೇಕಾಗುತ್ತದೆ.

ಭೂಪ್ರದೇಶದ ಪ್ರಭಾವ

ತುಮಕೂರಿನಂತಹ ನಗರದಲ್ಲಿ ಮನೆ, ಅಂಗಡಿಗಳ ವೈ-ಫೈ ಸಾಧನಗಳಿಂದ 2.4 ಗಿಗಾಹರ್ಟ್ಸ್ ದಟ್ಟವಾಗಿರುತ್ತದೆ. ಅಲ್ಲಿ ಗೋಪುರದ ಸೇವೆಗೆ 5 ಗಿಗಾಹರ್ಟ್ಸ್ ಸೂಕ್ತ. ಗುಬ್ಬಿ ಮತ್ತು ಕುಣಿಗಲ್ ಭಾಗದ ತೆಂಗು, ಅಡಿಕೆ ತೋಟಗಳಲ್ಲಿ ಎಲೆಗಳ ತೇವಾಂಶವು ಸಂಕೇತವನ್ನು ಹೀರುತ್ತದೆ. 2.4 ಗಿಗಾಹರ್ಟ್ಸ್ ಕೆಲವೇ ಮರಗಳ ಅಡ್ಡಿಯನ್ನು ದಾಟಬಲ್ಲದು. ಹಲವು ಸಾಲುಗಳ ತೋಟವನ್ನು ಎರಡೂ ಪಟ್ಟಿಗಳು ದಾಟಲಾರವು. ದೇವರಾಯನದುರ್ಗ, ಹುತ್ರಿದುರ್ಗದಂತಹ ಬೆಟ್ಟಗಳ ಮರೆಯಲ್ಲಿರುವ ಊರುಗಳಿಗೆ ಎತ್ತರದ ಗೋಪುರ ಅಥವಾ ಮಧ್ಯಂತರ ಮರುಪ್ರಸಾರ ಕೇಂದ್ರವೇ ಪರಿಹಾರ.

ಆಯ್ಕೆಯ ಅಂಶಗಳು

* ಏಕಕಾಲಿಕ ಕಾರ್ಯ: ಕೆಲವು ಸಾಧನಗಳು ಒಂದು ಬಾರಿಗೆ ಒಂದೇ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಎರಡೂ ಪಟ್ಟಿಗಳಲ್ಲಿ ಒಟ್ಟಿಗೆ ಸೇವೆ ನೀಡಲು ಎರಡು ಪ್ರತ್ಯೇಕ ರೇಡಿಯೊಗಳಿರಬೇಕು.
* ಮಾನದಂಡ: ವೈ-ಫೈ 5 (2013) ಕೇವಲ 5 ಗಿಗಾಹರ್ಟ್ಸ್‌ಗೆ ಅನ್ವಯಿಸುತ್ತದೆ. ಆ ಹೆಸರಿನ ಡ್ಯುಯಲ್ ಬ್ಯಾಂಡ್ ಸಾಧನದ 2.4 ರೇಡಿಯೊ ಸಾಮಾನ್ಯವಾಗಿ ಹಿಂದಿನ ವೈ-ಫೈ 4 ಮಾನದಂಡದ್ದು.
* ಆಂಟೆನಾ: ಎಲ್ಲ ದಿಕ್ಕಿಗೂ ಹರಡುವ ಆಂಟೆನಾಕ್ಕಿಂತ 90 ಅಥವಾ 120 ಡಿಗ್ರಿಯ ಸೆಕ್ಟರ್ ಆಂಟೆನಾಗಳು ಕಡಿಮೆ ಅಡ್ಡಿಯನ್ನು ಗ್ರಹಿಸುತ್ತವೆ.
* ಸರದಿ ಹಂಚಿಕೆ: ದೂರದ ಚಂದಾದಾರರ ರೇಡಿಯೊಗಳು ಪರಸ್ಪರ ಕೇಳಿಸದೆ ಒಟ್ಟಿಗೆ ಪ್ರಸಾರ ಮಾಡಿದಾಗ ದತ್ತಾಂಶ ನಷ್ಟವಾಗುತ್ತದೆ. ಪ್ರತಿಯೊಬ್ಬರಿಗೂ ಸಮಯ ನಿಗದಿಪಡಿಸುವ ವ್ಯವಸ್ಥೆ ಇದನ್ನು ತಡೆಯುತ್ತದೆ.
* ರಕ್ಷಣೆ: ಮಳೆ ನಿರೋಧಕ ಹೊದಿಕೆ, ಸಿಡಿಲು ರಕ್ಷಕ ಮತ್ತು ಸಮರ್ಪಕ ಅರ್ಥಿಂಗ್ ಅಗತ್ಯ.

ನಿಯಮಗಳು

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿಯೂ, 5 ಗಿಗಾಹರ್ಟ್ಸ್‌ನ 5150–5350 ಮತ್ತು 5470–5875 ಮೆಗಾಹರ್ಟ್ಸ್ ಭಾಗಗಳನ್ನು 2018ರಲ್ಲಿಯೂ ತರಂಗಾಂತರ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಬಳಕೆದಾರರು ಇತರರಿಗೆ ಅಡ್ಡಿಪಡಿಸುವಂತಿಲ್ಲ. ಇತರರಿಂದಾಗುವ ಅಡ್ಡಿಗೆ ರಕ್ಷಣೆಯನ್ನೂ ಕೋರುವಂತಿಲ್ಲ. ಪ್ರಸಾರ ಶಕ್ತಿಗೆ ಮಿತಿಯಿದೆ. ಸಾರ್ವಜನಿಕರಿಗೆ ಅಂತರಜಾಲ ಸೇವೆ ಮಾರಾಟ ಮಾಡಲು ದೂರಸಂಪರ್ಕ ಇಲಾಖೆಯ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯಬೇಕು.