ಹಿಂದಿನ ಆಕ್ಸಲ್‌ನ ಹಲ್ಲಿನ ಲೆಕ್ಕ

ಅಂಬಾಸಿಡರ್ ಅಥವಾ ಪದ್ಮಿನಿ ಕಾರಿನ ಹಿಂಭಾಗವನ್ನು ಬಗ್ಗಿ ನೋಡಿದ ನೆನಪಿದೆಯೇ? ಎರಡು ಚಕ್ರಗಳ ನಡುವೆ ಸಣ್ಣ ಕುಂಬಳಕಾಯಿಯಂಥ ಕಬ್ಬಿಣದ ಉಬ್ಬೊಂದು ಕಾಣುತ್ತಿತ್ತು. ಅಹಮದಾಬಾದ್ ಹತ್ತಿರದ ಕಠವಾಡಾದಲ್ಲಿ ಪ್ರಾಣಲಾಲ್ ಭೋಗೀಲಾಲ್ ಕೂಡಿಸಿಟ್ಟ ವಿಂಟೇಜ್ ಕಾರುಗಳಲ್ಲೂ ಬಹುಪಾಲಿಗೆ ಅದೇ ಉಬ್ಬು. ನೋಡಲು ಹೋದವರು ಬಾನೆಟ್ಟು, ದೀಪ, ಹಾರ್ನ್ ನೋಡಿ ಬರುತ್ತಾರೆ. ಆದರೆ ಕಾರು ಚುರುಕೋ ಸೋಮಾರಿಯೋ ಎಂಬುದರ ಅರ್ಧ ತೀರ್ಮಾನ ಆ ಕುಂಬಳಕಾಯಿಯೊಳಗೇ ಆಗುತ್ತಿತ್ತು.

ಒಳಗಿರುವುದು ಒಂದು ಚಿಕ್ಕ ಪಿನಿಯನ್, ಅದು ತಿರುಗಿಸುವ ದೊಡ್ಡ ಕ್ರೌನ್ ವೀಲ್. ಪಿನಿಯನ್‌ಗೆ 11 ಹಲ್ಲು, ಕ್ರೌನ್‌ಗೆ 39 ಇದ್ದರೆ ಅನುಪಾತ 3.55. ಅದನ್ನು ಬಿಚ್ಚಿ 10 ಮತ್ತು 41 ಹಲ್ಲಿನ ಜೋಡಿ ಹಾಕಿದರೆ 4.10. ಸೂರತ್‌ನ ಪವರ್‌ಲೂಮ್ ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ಚೇಂಜ್ ವೀಲ್ ಒಂದನ್ನು ಬದಲಿಸಿದರೆ ಇಂಚಿಗೆ ಬೀಳುವ ಹೊಕ್ಕಿನ ಎಳೆಗಳ ಲೆಕ್ಕವೇ ಬದಲಾಗುತ್ತದೆ. ಮಗ್ಗ ಅದೇ, ಮೋಟಾರೂ ಅದೇ!

ಈ ಅದಲುಬದಲನ್ನು ಚಟವಾಗಿಸಿಕೊಂಡವರು ಅಮೆರಿಕದ ಡ್ರ್ಯಾಗ್ ರೇಸ್ ಹುಡುಗರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಪೈಪೋಟಿಗಿಳಿದಿದ್ದ ಇವರಿಗೆ 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದ ಒಂದು ರನ್‌ವೇ ಸಿಕ್ಕಿತು. 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರೀಯ ಸಂಘವನ್ನೇ ಕಟ್ಟಿದರು. ಓಟ ಕಾಲು ಮೈಲಿ, ಅಂದರೆ 402 ಮೀಟರ್. ನಮ್ಮಲ್ಲೂ ಚೆನ್ನೈ ಸಮೀಪದ ಶೋಲಾವರಂನಲ್ಲಿ ಯುದ್ಧಕಾಲದ ರನ್‌ವೇಯೇ ರೇಸ್ ಟ್ರ್ಯಾಕ್ ಆಗಿತ್ತು.

3.55 ತೆಗೆದು 4.10 ಹಾಕಿದರೆ ಚಕ್ರಕ್ಕೆ ತಲುಪುವ ತಿರುಚು ಬಲ ಸುಮಾರು ಶೇ. 15 ಹೆಚ್ಚುತ್ತದೆ. ಎಂಜಿನ್ನಿನ ಬೋಲ್ಟ್ ಒಂದನ್ನೂ ಮುಟ್ಟದೆ! ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಸಾಧಾರಣ ಅಳತೆಯ ಟಯರ್ ಇರುವ ಕಾರು ಟಾಪ್ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ಓಡುವಾಗ ಎಂಜಿನ್ 3100 ಸುತ್ತು ಹಾಕುತ್ತಿದ್ದರೆ, ಈಗ 3600 ಹಾಕಬೇಕು. ಅಹಮದಾಬಾದ್-ವಡೋದರಾ ನಡುವಿನ 93 ಕಿ.ಮೀ. ಎಕ್ಸ್‌ಪ್ರೆಸ್‌ವೇಯಲ್ಲಿ ಅದು ತಲೆನೋವೇ: ಗದ್ದಲ, ಪೆಟ್ರೋಲ್ ಖರ್ಚು, ಸವೆತ. ಟಯರ್ ಹಿಡಿತ ಸಾಲದಿದ್ದರೆ ಹೆಚ್ಚಿದ ಬಲವೆಲ್ಲ ಹೊಗೆಯಾಗಿ ಹೋಗುತ್ತದೆ. ಅನುಪಾತ ಅತಿಯಾದರೆ ಗೆರೆ ಮುಟ್ಟುವ ಮೊದಲು ಇನ್ನೊಂದು ಗೇರ್ ಬದಲಿಸಬೇಕಾಗಿ, ಗಳಿಸಿದ ಕ್ಷಣವೂ ನಷ್ಟ. ಜಾಣರು ಗೆರೆ ದಾಟುವಾಗ ಎಂಜಿನ್ ತನ್ನ ಪೂರ್ಣ ಶಕ್ತಿಯ ಹತ್ತಿರ ಇರುವಂತೆ ಜೋಡಿ ಆರಿಸುತ್ತಾರೆ.

ಇನ್ನೊಂದು ತಮಾಷೆ. ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸಿನಿಂದ ಬರುವ ಹಳೆಯ ಕಾರುಗಳಲ್ಲಿ ಈ ಬದಲಾವಣೆಯಾದ ಮೇಲೆ ಮುಳ್ಳು ಸುಳ್ಳು ಹೇಳುತ್ತದೆ: ಓಡುವುದು 100, ತೋರಿಸುವುದು 115.

ಜೋಡಿಸುವುದು ಮಾತ್ರ ಮಕ್ಕಳಾಟವಲ್ಲ. ಪಿನಿಯನ್ ಮತ್ತು ಕ್ರೌನ್ ಒಟ್ಟಿಗೇ ಉಜ್ಜಿ ಹೊಂದಿಸಿದ ದಂಪತಿಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಹಾಕುವಂತಿಲ್ಲ. ಹಲ್ಲಿಗೆ ನೀಲಿ ಬಣ್ಣ ಬಳಿದು, ತಿರುಗಿಸಿ, ಗುರುತು ಎಲ್ಲಿ ಬಿದ್ದಿದೆ ಎಂದು ನೋಡಿ, ಕೂದಲೆಳೆಯಷ್ಟು ತೆಳುವಾದ ಶಿಮ್ ಸೇರಿಸಿ ಮತ್ತೆ ನೋಡಬೇಕು. ತಪ್ಪಿದರೆ ಆಕ್ಸಲ್ ಊಳಿಡುತ್ತದೆ. ಕಿವಿಯಿಂದಲೇ ದೋಷ ಹಿಡಿಯುವ ಮಿಸ್ತ್ರಿಗಳು ಬೆಳೆದದ್ದು ಹೀಗೆ.

ಆ ವಿದ್ಯೆಯ ನೆಲ ಸರಿದದ್ದನ್ನು ನೋಡಲು ವಡೋದರಾದಿಂದ ಹಾಲೋಲ್‌ವರೆಗೆ ಹೋದರೆ ಸಾಕು. ಹಿಂದೂಸ್ತಾನ್ ಮೋಟಾರ್ಸ್ ಅಲ್ಲಿ ಇಸುಜು ಟ್ರಕ್ ಮಾಡುತ್ತಿತ್ತು. 1984ರಲ್ಲಿ ಬಂದ ಅದೇ ಕಂಪನಿಯ ಕಾಂಟೆಸ್ಸಾ (ಅದು ತಯಾರಾದದ್ದು ಬಂಗಾಳದ ಉತ್ತರಪಾರಾದಲ್ಲಿ) ಹಿಂಚಕ್ರದ ಕಾರು; ಭಾರದ ಮೈಗೆ ಮೊದಮೊದಲು ಅಂಬಾಸಿಡರಿನ 1.5 ಲೀಟರ್ ಎಂಜಿನ್ನೇ ಗತಿ. ಇಸುಜು 1.8 ಬಂದ ಮೇಲೆ ಜೀವ ಬಂತು, 2002ರಲ್ಲಿ ಕಥೆ ಮುಗಿಯಿತು. ಅಷ್ಟರಲ್ಲಿ ಹಾಲೋಲ್ ಜನರಲ್ ಮೋಟಾರ್ಸ್ ಕೈಗೆ ಹೋಗಿ, 1996ರಲ್ಲಿ ಅಲ್ಲಿಂದ ಓಪೆಲ್ ಆಸ್ಟ್ರಾ ಹೊರಟಿತ್ತು. ಎಳೆಯುವುದು ಮುಂದಿನ ಚಕ್ರ, ಕುಂಬಳಕಾಯಿಯೇ ಇಲ್ಲ! ಕೊನೆಯ ಅನುಪಾತ ಗೇರ್‌ಬಾಕ್ಸಿನೊಳಗೇ ಅಡಗಿತು. ಬದಲಿಸಬೇಕೆಂದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. 2004ರ ತವೇರಾ ಜೊತೆ ಆಕ್ಸಲ್ ಒಮ್ಮೆ ಮರಳಿತು. 2010ರಲ್ಲಿ ಸಾಣಂದದಿಂದ ಬಂದ ನ್ಯಾನೋ ಹಿಂಚಕ್ರದ್ದೇ ಆದರೂ ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ ಎಲ್ಲ ಒಂದೇ ಗಂಟು.

ಜನರಲ್ ಮೋಟಾರ್ಸ್ 2017ರಲ್ಲಿ ಹಾಲೋಲ್ ಬಿಟ್ಟಿತು, ಎಂಜಿ ಬಂತು. 2020ರಲ್ಲಿ ಅದರ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದಾಗ ಬದಲಿಸುವ ಗೇರೇ ಇರಲಿಲ್ಲ. ನಿಂತಲ್ಲಿಂದ ಹೊರಡಲೂ ಹೆದ್ದಾರಿಯಲ್ಲಿ ಓಡಲೂ ಒಂದೇ ಅನುಪಾತ; ಅದನ್ನು ಆರಿಸಿದವರು ಕಾರ್ಖಾನೆಯವರು.